ಗಂಡಸರಿಗೂ ಎಚ್‌ಪಿವಿ ಟೆಸ್ಟ್ ಮಾಡಿಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನನ್ನ ಅಣ್ಣನಿಗೆ ಶಿಶ್ನದ ಕ್ಯಾನ್ಸರ್. ಊರಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ನಾವೂ "ಕಿಡ್ನಿ ತೊಂದರೆ" ಅಂತಲೇ ಹೇಳಿಕೊಂಡು ಓಡಾಡಿದೆವು. ಈಗ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಹೆಸರು ಮಾತ್ರ ಹಾಕಿಲ್ಲ, ಅಣ್ಣನ ಮಗಳಿಗೆ ಗಂಡು ನೋಡುತ್ತಿದ್ದಾರೆ.

ನಾನು ಕೇಳುವುದು ಇಷ್ಟೇ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಕ್ಯಾನ್ಸರಿನ ಪ್ರತಿ ಬಯಾಪ್ಸಿಗೂ ಪಿ16 ಟೆಸ್ಟ್, ಅಂದರೆ ಕ್ಯಾನ್ಸರ್ ಎಚ್‌ಪಿವಿ ಅನ್ನುವ ವೈರಸ್ಸಿನಿಂದ ಬಂತೇ ಅಂತ ಸುಳಿವು ಕೊಡುವ ಪರೀಕ್ಷೆ, ಪುಕ್ಕಟೆ ಆಗಬೇಕು.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಈ ಕ್ಯಾನ್ಸರನ್ನು ಎಚ್‌ಪಿವಿ ವೈರಸ್ಸಿನಿಂದ ಬಂದದ್ದು, ಅದಿಲ್ಲದೆ ಬಂದದ್ದು ಅಂತ ಬೇರೆ ಮಾಡಿದೆ. ನಿಮ್ಮ ಇಲಾಖೆಗೆ ಇದು ಗೊತ್ತಿರುವ ವಿಷಯವೇ. ಹಾಗಾದರೆ ಅಣ್ಣನ ರಿಪೋರ್ಟಿನಲ್ಲಿ ಅವನದು ಯಾವ ಬಗೆ ಅನ್ನುವ ಸಾಲು ಯಾಕಿಲ್ಲ?

ಕೇಳೋಣ ಅಂತ ಆಸ್ಪತ್ರೆಯ ಕೌಂಟರಿಗೆ ಹೋದೆ. ಅಲ್ಲಿದ್ದವರು ಚೀಟಿ ನೋಡಿ, ಹಿಂದೆ ನಿಂತವರಿಗೆಲ್ಲ ಕೇಳುವ ಹಾಗೆ, "ಎಚ್‌ಪಿವಿ ಹೆಂಗಸರ ಟೆಸ್ಟು ಕಣ್ರೀ" ಅಂದರು. ಕಂಪ್ಯೂಟರಿನಲ್ಲಿ 'ಪುರುಷ' ಅಂತ ಒತ್ತಿದರೆ ಆ ಟೆಸ್ಟೇ ಬರಲ್ಲವಂತೆ. ಕೊನೆಗೆ ಅವರೇ ದಾರಿ ತೋರಿಸಿದರು: "ಮನೆಯವರ ಹೆಸರಲ್ಲಿ ಚೀಟಿ ಮಾಡಿಸಿಬಿಡಿ." ಅಣ್ಣನ ಗೆಡ್ಡೆ, ಅತ್ತಿಗೆಯ ಹೆಸರು! ಎಂಥಾ ಡಿಜಿಟಲ್ ವ್ಯವಸ್ಥೆ ಸ್ವಾಮಿ ನಿಮ್ಮದು. ಅಣ್ಣ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಅವನು ಆಸ್ಪತ್ರೆಗೆ ಬರಲ್ಲ ಅಂತ ಹಟ ಹಿಡಿದ. ಅವನನ್ನು ಒಪ್ಪಿಸುವಷ್ಟರಲ್ಲಿ ಅತ್ತಿಗೆ ಸೋತು ಹೋದರು.

ಗೆಡ್ಡೆಯ ಚೂರನ್ನು ಹುದುಗಿಸಿಟ್ಟ ಬಯಾಪ್ಸಿಯ ಮೇಣದ ಬ್ಲಾಕನ್ನು ನಾನೇ ಬಸ್ಸಿನಲ್ಲಿ ಖಾಸಗಿ ಲ್ಯಾಬಿಗೆ ಒಯ್ದೆ. ಸಾಲ ಮಾಡಿ ದುಡ್ಡು ಕಟ್ಟಿ ವೈರಸ್ಸಿನ ಡಿಎನ್‌ಎ ಹುಡುಕುವ ಪಿಸಿಆರ್ ಟೆಸ್ಟ್ ಮಾಡಿಸಿದೆ. ಬಂದ ಉತ್ತರ: ಡಿಎನ್‌ಎ ಚೂರುಚೂರಾಗಿದೆ, ಏನೂ ಹೇಳಲಾಗದು. ಮಾಂಸವನ್ನು, ಅದು ಕೆಡದಂತೆ ಕಾಪಾಡುವ 10% ಬಫರ್ಡ್ ಫಾರ್ಮಲಿನ್‌ನಲ್ಲಿ ಸರಿಯಾಗಿ ಇಡದಿದ್ದರೆ ಹೀಗಾಗುತ್ತದಂತೆ. ಅಷ್ಟೂ ಗೊತ್ತಿಲ್ವಾ ನಿಮ್ಮ ಆಸ್ಪತ್ರೆಗೆ?

ಪಿ16 ಇಷ್ಟು ಕಷ್ಟದ್ದಲ್ಲ. ಅದೇ ಬ್ಲಾಕಿನಿಂದ ತೆಳುವಾಗಿ ಒಂದು ಪದರ ಕೊಯ್ದು ಬಣ್ಣ ಹಿಡಿಸಿ ನೋಡುವುದು. ವೈರಸ್ಸು ಜೀವಕೋಶದ ಬೆಳವಣಿಗೆಯ ಹಿಡಿತ ತಪ್ಪಿಸಿದಾಗ ಪಿ16 ಪ್ರೋಟೀನು ವಿಪರೀತ ಹೆಚ್ಚುತ್ತದೆ, ಅದು ಮೈಕ್ರೋಸ್ಕೋಪಿನಲ್ಲಿ ಕಣ್ಣಿಗೆ ಕಾಣುತ್ತದೆ. ಪಿಸಿಆರ್ ವೈರಸ್ಸಿನ ಡಿಎನ್‌ಎ ಹಿಡಿಯುತ್ತದೆ, ಸರಿ. ಆದರೆ ಆ ವೈರಸ್ಸು ಸುಮ್ನೆ ಬಂದು ಕೂತದ್ದೋ ಕ್ಯಾನ್ಸರಿಗೇ ಕಾರಣವೋ ಅಂತ ಅದೊಂದರಿಂದ ಹೇಳಲಾಗದು. ವೈರಸ್ಸಿನ ಕ್ಯಾನ್ಸರ್ ತರುವ ಜೀನ್‌ಗಳಾದ ಇ6, ಇ7ರ ಆರ್‌ಎನ್‌ಎ ಹುಡುಕುವ ಟೆಸ್ಟು ಅದನ್ನು ಹೇಳುತ್ತದೆ. ದುಬಾರಿ, ಒಪ್ಪುತ್ತೇನೆ. ಅನುಮಾನ ಬಂದವರಿಗಷ್ಟೇ ಮಾಡಿ. ಪಿ16 ಮಾತ್ರ ಎಲ್ಲರಿಗೂ ಆಗಲಿ.

ಇದರಿಂದ ಏನು ಲಾಭ ಅಂತ ಕೇಳಬೇಡಿ. ವೈರಸ್ಸಿನಿಂದ ಬಂದ ಕ್ಯಾನ್ಸರಿನವರು ಸಾಮಾನ್ಯವಾಗಿ ಜಾಸ್ತಿ ದಿನ ಬದುಕುತ್ತಾರೆ. ಆ ಮಾತು ತಿಳಿದರೆ ಒಂದು ಮನೆಗೆ ಎಷ್ಟು ಧೈರ್ಯ ಬರುತ್ತದೆ ಗೊತ್ತಾ? ದೈಹಿಕ ಸಂಪರ್ಕದಿಂದ ಹರಡುವ ಇದೇ ವೈರಸ್ಸು ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ತರುತ್ತದೆ. ಅತ್ತಿಗೆಗೂ ತಪಾಸಣೆ ಮಾಡಿಸಿ ಅಂತ ಇವತ್ತಿನವರೆಗೆ ಒಬ್ಬರೂ ಹೇಳಿಲ್ಲ. ಅವರ ಹೆಸರಲ್ಲಿ ಸುಳ್ಳು ಚೀಟಿ ಮಾಡಿಸಲು ಮಾತ್ರ ಹೇಳಿದರು.

ಪ್ರತಿ ಬಯಾಪ್ಸಿಗೂ ಪಿ16, ಸರ್ಕಾರಿ ಲ್ಯಾಬಿನಲ್ಲೇ, ಪುಕ್ಕಟೆ. ಆ ಕಂಪ್ಯೂಟರಿಗೂ ಗಂಡಸರಿದ್ದಾರೆ ಅಂತ ಯಾರಾದರೂ ಹೇಳಿಕೊಡಲಿ. ಆದೇಶ ಹೊರಡಿಸಿದರೆ ಸಾಕು. "ಪರಿಶೀಲಿಸಲಾಗುವುದು" ಅನ್ನುವ ಉತ್ತರ ಬೇಡ, ಅದು ನನ್ನ ಹತ್ತಿರ ಆಗಲೇ ಇದೆ.

ಇತಿ,
ರೋಗಿಯೊಬ್ಬರ ತಮ್ಮ