ಕಾಲು ತೋರಿಸಿದಿರಾ?

ತಾರ್ತು, ಎಸ್ಟೋನಿಯಾ, ಭಾನುವಾರ ರಾತ್ರಿ

ತೀರ್ಥರೂಪು ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನಿಮ್ಮ ಕಾಗದದಲ್ಲಿ ಎಸ್ಟೋನಿಯಾದ ಬಗ್ಗೆ ಎರಡು ಪುಟ ಪ್ರಶ್ನೆ, ನಿಮ್ಮ ಕಾಲಿನ ಬಗ್ಗೆ ಒಂದಕ್ಷರ ಇಲ್ಲ. ಹೆಬ್ಬೆರಳ ಗಾಯ ತಿಂಗಳಾದರೂ ಒಣಗಿಲ್ಲ ಅಂತ ಸುಮಾ ಫೋನಿನಲ್ಲಿ ಬಾಯಿಬಿಟ್ಟಳು. ಅವಳನ್ನು ಬೈಯಬೇಡಿ.

ಮೊದಲು ನಿಮ್ಮ ಪ್ರಶ್ನೆ, ಈ ಎಸ್ಟೋನಿಯಾದವರು ಯಾರು, ಎಲ್ಲಿಯವರು ಅಂತ. ಇಲ್ಲದಿದ್ದರೆ ನೀವು ಮುಂದೆ ಓದುವವರಲ್ಲ. ಅಷ್ಟು ವರ್ಷ ಚರಿತ್ರೆ ಪಾಠ ಮಾಡಿ ಇವರನ್ನು ‘ರಷ್ಯಾ ಕಡೆಯವರು’ ಅಂದುಬಿಟ್ಟಿರಲ್ಲ! ಇಲ್ಲಿ ಹಾಗಂದರೆ ಮುಖ ತಿರುಗಿಸುತ್ತಾರೆ. 1030ರಲ್ಲಿ ಕೀವ್‌ನ ದೊರೆ ಯಾರೊಸ್ಲಾವ ಇದೇ ತಾರ್ತುವನ್ನು ಹಿಡಿದ. 1061ರಲ್ಲಿ ಇವರು ಕೋಟೆ ಸುಟ್ಟು ಬಿಡಿಸಿಕೊಂಡರು. ಪ್ಯಾರ್ನು ನದಿ ದಂಡೆಯ ಪುಲ್ಲಿಯಲ್ಲಿ ಸಿಕ್ಕ ಬೇಟೆಗಾರರ ಬೀಡು ಸುಮಾರು 11,000 ವರ್ಷ ಹಳೆಯದು. ಭಾಷೆ ಮಾತ್ರ ಆಮೇಲೆ ಪೂರ್ವದಿಂದ ಬಂದದ್ದು, ಫಿನ್ನಿಷ್‌ನ ದಾಯಾದಿ. 14 ವಿಭಕ್ತಿ! ‘ಮಯಾ’ ಅಂದರೆ ಮನೆ, ‘ಮಯಾಸ್’ ಅಂದರೆ ಮನೆಯಲ್ಲಿ. ನಮ್ಮ ಹಾಗೇ ಬಾಲಕ್ಕೆ ಪ್ರತ್ಯಯ. ಹಾಗಂತ ನಂಟು ಹುಡುಕಲು ಕೂರಬೇಡಿ.

ದೇಶಕ್ಕೆಲ್ಲ ಒಬ್ಬ ರಾಜ ಅಂತ ಇರಲಿಲ್ಲ, ಸೀಮೆಸೀಮೆಗೆ ಹಿರಿಯರು. ಸಕಲಾ ಸೀಮೆಯ ಲೆಂಬಿತು 1217ರಲ್ಲಿ ಜರ್ಮನ್ ಶಿಲುಬೆಯೋಧರ ಎದುರು ಕಾದಾಡಿ ಸತ್ತ. 1219ರಲ್ಲಿ ಡೆನ್ಮಾರ್ಕಿನವರು ಬಂದಿಳಿದರು. 1227ಕ್ಕೆ ಸಾರೆಮಾ ದ್ವೀಪವೂ ಶರಣಾಯಿತು. ಕ್ರೈಸ್ತ ದೀಕ್ಷಾಸ್ನಾನ ಆಯಿತು, ಆದರೆ ಮರಕ್ಕೆ ನಡಕೊಳ್ಳುವುದು ಬಿಡಲಿಲ್ಲ. ‘ಹೀಸ್’ ಅನ್ನುತ್ತಾರೆ, ನಮ್ಮ ದೇವರಕಾಡೇ. ಇವತ್ತು ಒಂದಕ್ಕೆ ಹೋಗಿದ್ದೆ. ಮುದಿ ಓಕ್ ಮರದ ಕೊಂಬೆಗೆ ಬಣ್ಣದ ಬಟ್ಟೆಚೂರು ಕಟ್ಟಿದ್ದರು, ಹಿಮಕ್ಕೆ ಸೆಟೆದು ಕಡ್ಡಿಯಾಗಿದ್ದವು. ಜತೆಗೆ ಬಂದ ಹುಡುಗ ಟೊಪ್ಪಿ ತೆಗೆದ. ನಾನೂ ಕರವಸ್ತ್ರದ ಅಂಚು ಹರಿದು ಕಟ್ಟಿಬಂದೆ. ಯಾರ ಕಾಲಿಗೆ ಅಂತ ಕೇಳಬೇಡಿ.

ಅಪ್ಪಯ್ಯ, ಅರಿಶಿನ ಮೆತ್ತಿಕೊಂಡು ಕೂತರೆ ಆಗದು. ಸಕ್ಕರೆ ಕಾಯಿಲೆಯವರ ಗಾಯ ಅದು. ದೊಡ್ಡಪ್ಪನೂ ‘ಏನಾಗಲ್ಲ ಬಿಡೋ’ ಅನ್ನುತ್ತಲೇ ಬೆರಳು ಕಳಕೊಂಡಿದ್ದು. ಈ ವಾರವೇ ಶಿವಮೊಗ್ಗಕ್ಕೆ ಹೋಗಿ ತೋರಿಸಿ. ಸುಮಾಳ ಖಾತೆಗೆ ದುಡ್ಡು ಹಾಕಿದ್ದೇನೆ. ಅದು ಡಾಕ್ಟರಿಗೆ, ತೋಟದ ಗೊಬ್ಬರಕ್ಕಲ್ಲ. ಬರಿಗಾಲಲ್ಲಿ ತೋಟಕ್ಕೆ ಇಳಿಯಬೇಡಿ.

ನನ್ನ ಚಿಂತೆ ಬೇಡವೇ ಬೇಡ. ಹೊರಗೆ ಸೊನ್ನೆಗಿಂತ ಕೆಳಗೆ 12 ಡಿಗ್ರಿ ಅಷ್ಟೇ, ಒಳಗೆ ಬನಿಯನ್ನಲ್ಲೇ ಇರುತ್ತೇನೆ. ಊಟ ಬಲು ಚೆನ್ನಾಗಿದೆ. ಇವರ ಹುಳಿ ಕರಿ ಬ್ರೆಡ್ಡಿಗೆ ಅಮ್ಮನ ಅಪ್ಪೆಮಿಡಿ ಹೇಳಿ ಮಾಡಿಸಿದ್ದು. ಕೆಮ್ಮೂ ಕಡಿಮೆಯಾಗಿದೆ, ಕೆಮ್ಮಿತ್ತು ಅಂತ ಅಮ್ಮನಿಗೆ ಹೇಳಬೇಡಿ.

ಬೆಳಿಗ್ಗೆ ಬೇಗ ಏಳಬೇಕು, ನಿಲ್ಲಿಸುತ್ತೇನೆ. ಗಾಯದ ಫೋಟೊ ಸುಮಾಳೇ ತೆಗೆದು ಕಳಿಸಲಿ. ನೀವಾದರೆ ಒಳ್ಳೆ ಕಾಲಿನದು ಕಳಿಸುತ್ತೀರಿ.

ನಿಮ್ಮ ಮಗ,
ರಘು