ಇಲಿಯ ಲೆಕ್ಕ ಮನುಷ್ಯರಿಗೆ ಸಾಲದು

ಮಾನ್ಯ ಸಂಪಾದಕರೇ,

ಕೀಟನಾಶಕ, ಕಳೆನಾಶಕಗಳ ಸುದ್ದಿ ಬಂದಾಗಲೆಲ್ಲ ಚರ್ಚೆ ನಿಷೇಧ ಬೇಕೋ ಬೇಡವೋ ಅನ್ನುವಲ್ಲೇ ಗಿರಕಿ ಹೊಡೆಯುತ್ತದೆ. ಯಾವುದು ಎಷ್ಟು ವಿಷ ಅಂತ ಅಳೆಯುವ ರೀತಿಯನ್ನೇ ಯಾರೂ ಕೇಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಮುಖ್ಯವಾಗಿ ನಿಂತಿರುವುದು ಎಲ್‌ಡಿ50 ಮೇಲೆ. ಪ್ರಯೋಗಕ್ಕಿಟ್ಟ ಇಲಿಗಳಲ್ಲಿ ಅರ್ಧದಷ್ಟು ಸಾಯಲು ಪ್ರತಿ ಕೆ.ಜಿ. ತೂಕಕ್ಕೆ ಎಷ್ಟು ಮಿಲಿಗ್ರಾಂ ಬೇಕು ಅನ್ನುವ ಲೆಕ್ಕ ಅದು. ಬಾಯಿಂದ ಒಳಹೋಗುವ ಲೆಕ್ಕದಲ್ಲಿ 50ರಿಂದ 2000 ಮಿಲಿಗ್ರಾಂವರೆಗಿನದೆಲ್ಲ ಎರಡನೇ ವರ್ಗ, ಅಂದರೆ 'ಮಧ್ಯಮ ಅಪಾಯಕಾರಿ'. 40 ಪಟ್ಟು ವ್ಯತ್ಯಾಸ ಇರುವ ವಿಷಗಳಿಗೆಲ್ಲ ಒಂದೇ ಹಣೆಪಟ್ಟಿ!

ಪ್ಯಾರಾಕ್ವಾಟ್ ಅನ್ನುವ ಕಳೆನಾಶಕವೂ ಇದೇ ವರ್ಗದಲ್ಲಿದೆ. ಅದು ಹೊಟ್ಟೆಗೆ ಹೋದರೆ ಇಳಿಸುವ ಮದ್ದು ಇವತ್ತಿಗೂ ಇಲ್ಲ. ವಿಷ ಶ್ವಾಸಕೋಶದಲ್ಲಿ ಸೇರಿಕೊಳ್ಳುತ್ತದೆ, ಅಲ್ಲಿನ ಮೆತ್ತನೆ ಭಾಗ ಗಾಯವಾಗಿ ಗಡುಸಾಗುತ್ತದೆ, ಕೆಲವರು ಮೊದಲ ದಿನ ಚೆನ್ನಾಗಿಯೇ ಮಾತಾಡುತ್ತಿದ್ದು ಆಮೇಲೆ ದಿನಗಟ್ಟಲೆ ಉಸಿರಿಗೆ ಒದ್ದಾಡಿ ಸಾಯುತ್ತಾರೆ. ಆಮ್ಲಜನಕ ಕೊಟ್ಟರೆ ಹಾನಿ ಇನ್ನೂ ಜಾಸ್ತಿಯಾಗಬಹುದು ಅಂತ ವೈದ್ಯರು ಅದಕ್ಕೂ ಹಿಂಜರಿಯಬೇಕಾಗುತ್ತದೆ. ಇದು ಮಧ್ಯಮವೇ? ನಿಧಾನವಾಗಿ ತೀವ್ರ ಹಾನಿ ಮಾಡುತ್ತದೆ ಅಂತ ಆ ಪಟ್ಟಿಯಲ್ಲೇ ಒಂದು ಟಿಪ್ಪಣಿ ಇದೆ. ಆದರೆ ಡಬ್ಬದಿಂದ ಟ್ಯಾಂಕಿಗೆ ಸುರಿಯುವಾಗ ಕೈಮೇಲೆ ಚೆಲ್ಲಿಕೊಳ್ಳುವವರು ಆ ಟಿಪ್ಪಣಿ ಓದಿರುತ್ತಾರಾ?

ಸ್ವಿಟ್ಜರ್ಲೆಂಡ್ ಇದನ್ನು 1989ರಲ್ಲೇ ನಿಷೇಧಿಸಿತು. ಯುರೋಪ್ ಒಕ್ಕೂಟದಲ್ಲಿ 2007ರಲ್ಲಿ ನ್ಯಾಯಾಲಯವೇ ಅನುಮತಿ ರದ್ದು ಮಾಡಿತು. ಹಾಗಿದ್ದೂ ತಮ್ಮ ಹೊಲಕ್ಕೆ ಬೇಡವಾದದ್ದನ್ನು ಇಂಗ್ಲೆಂಡಿನಲ್ಲಿ ತಯಾರಿಸಿ ವರ್ಷಗಟ್ಟಲೆ ಬೇರೆ ದೇಶಗಳಿಗೆ ಕಳಿಸಿದರು. ಇಂಥ ವ್ಯಾಪಾರಕ್ಕೆ ರಾಟರ್‌ಡ್ಯಾಮ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಇದೆಯಲ್ವಾ ಅಂತ ಕೇಳಬಹುದು. ಇದೆ. ಅದರ ಪಟ್ಟಿಗೆ ಸೇರಿದರೆ ನಿಷೇಧವೇನೂ ಆಗುವುದಿಲ್ಲ, ಕೊಳ್ಳುವ ದೇಶಕ್ಕೆ ಮೊದಲೇ ಮಾಹಿತಿ ಕೊಟ್ಟು ಒಪ್ಪಿಗೆ ಕೇಳಬೇಕು, ಅಷ್ಟೇ. ಆದರೆ ಸೇರಿಸಲು ಎಲ್ಲ ಸದಸ್ಯ ದೇಶಗಳೂ ಒಪ್ಪಬೇಕು. ಒಂದೆರಡು ದೇಶ ತಲೆಯಾಡಿಸದಿದ್ದರೂ ಕಡತ ಮುಂದಿನ ಸಭೆಗೆ ಹೋಗುತ್ತದೆ. ಪ್ಯಾರಾಕ್ವಾಟ್ ಕಡತ 2013ರಿಂದ ಹೀಗೇ ಅಲೆದಿದೆ.

ವಿಷ ಇಲ್ಲದಿದ್ದರೆ ಬೆಳೆಯೇ ಬರುವುದಿಲ್ಲ ಅನ್ನುವವರು ಶ್ರೀಲಂಕಾ ಕಡೆ ನೋಡಲಿ. 1990ರ ದಶಕದಲ್ಲಿ ಅದು ಅತಿ ಅಪಾಯದ ಕೀಟನಾಶಕಗಳನ್ನು ತೆಗೆಯಿತು, 2008ರಿಂದ ಹಂತಹಂತವಾಗಿ ಪ್ಯಾರಾಕ್ವಾಟನ್ನೂ ತೆಗೆಯಿತು. ಸಾವುಗಳು ಇಳಿದವು. ಅದರಿಂದ ಇಳುವರಿ ಕುಸಿದದ್ದು ಕಾಣಲಿಲ್ಲ. (2021ರ ರಾಸಾಯನಿಕ ಗೊಬ್ಬರದ ನಿಷೇಧ ಬೇರೆ ಕಥೆ, ಎರಡನ್ನೂ ಸುಮ್ನೆ ಕಲಸಬಾರದು.)

ಹೊಸ ಕೀಟನಾಶಕಕ್ಕೋ ಕಳೆನಾಶಕಕ್ಕೋ ಅನುಮತಿ ಕೊಡುವವರು ಮೊದಲು ಕೇಳಬೇಕಾದದ್ದು ಇಲಿಯ ಲೆಕ್ಕವಲ್ಲ: ಇದು ಮೈಗೆ ಹೋದರೆ ಮದ್ದಿದೆಯಾ? ಇಲ್ಲ ಅಂದರೆ ಅನುಮತಿಯೂ ಬೇಡ. ನೀವೂ ಇಂಥ ಸುದ್ದಿ ಹಾಕುವಾಗ ಬರೀ 'ಕೀಟನಾಶಕ ಸೇವನೆ' ಅಂತ ಬರೆಯದೆ, ಯಾವ ರಾಸಾಯನಿಕ ಅಂತ ಹೆಸರು ಹಾಕಿ.

ಇಂತಿ,
ಒಬ್ಬ ಓದುಗ