ಮಧ್ಯಾಹ್ನ ಪಾರ್ಕಿಗೆ ಬೀಗ ಏಕೆ?

ಮಾನ್ಯ ಸಂಪಾದಕರೇ,

ಇಪ್ಪತ್ತೆರಡು ವರ್ಷಗಳಿಂದ ಮಂಗಳೂರಿನಲ್ಲಿ ರಿಕ್ಷಾ ಓಡಿಸುತ್ತಿದ್ದೇನೆ. ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಹತ್ತುವ ಪರವೂರಿನವರು ಎಷ್ಟೋ ಸಲ ಹೀಗೆ ಕೇಳುತ್ತಾರೆ: ‘ರೈಲಿಗೆ ಇನ್ನೂ ಹೊತ್ತಿದೆ, ಜೊತೆಗೆ ಮಕ್ಕಳಿದ್ದಾರೆ, ಎಲ್ಲಿಗೆ ಹೋಗಬಹುದು? ಮಾಲ್ ಮಾತ್ರ ಬೇಡ.’

ಬೆಳಗ್ಗೆಯಾದರೆ ಕದ್ರಿ ಉದ್ಯಾನಕ್ಕೆ ಬಿಡುತ್ತೇನೆ. ಇಡೀ ದಿನ ಬಿಡುವಿದ್ದರೆ ಪಿಲಿಕುಳ; ಸೋಮವಾರ ಮಾತ್ರ ಬೇಡ ಎನ್ನುತ್ತೇನೆ, ಅಂದು ಪ್ರಾಣಿಸಂಗ್ರಹಾಲಯಕ್ಕೆ ರಜೆ. ಸಂಜೆಯಾದರೆ ಎರಡು ಮಾತಿಲ್ಲ, ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಬುರುಜನ್ನು ಹತ್ತಿ ಇಳಿದು, ಫಲ್ಗುಣಿ ನದಿಯನ್ನು ದೋಣಿಯಲ್ಲಿ ದಾಟಿದರೆ ತಣ್ಣೀರುಬಾವಿ. ಅಲ್ಲಿ ಗಾಳಿಮರಗಳ ಅಡಿಯಲ್ಲಿ ನಡೆಯುತ್ತಾ ಹೋದರೆ ಕಾಣುವ ಮೊದಲೇ ಕಡಲು ಕೇಳಿಸುತ್ತದೆ. ದಡದಲ್ಲಿ ನಾನು ಕಾಯುತ್ತೇನೆ, ಕಾದದ್ದಕ್ಕೆ ಬಾಡಿಗೆ ಬೇರೆ!

ಇದೆಲ್ಲ ಬಂದು ಹೋಗುವವರ ಮಾತಾಯಿತು. ಇಲ್ಲೇ ದುಡಿಯುವವರಿಗೆ ಮಧ್ಯಾಹ್ನ ಒಂದು ಗಂಟೆಗೆ ಕೂರಲು ಜಾಗ ಎಲ್ಲಿದೆ?

ನಮ್ಮ ಸ್ಟ್ಯಾಂಡಿನ ಎದುರು ಒಂದು ಸಣ್ಣ ಪಾರ್ಕ್ ಇದೆ. ಹೆಸರು ಬರೆಯುವುದಿಲ್ಲ, ಇಂಥವು ಊರಲ್ಲಿ ಒಂದೇ ಇರಲಾರದು. ಬೆಳಗ್ಗೆ ಹತ್ತಕ್ಕೆ ಬೀಗ ಬೀಳುತ್ತದೆ, ಮತ್ತೆ ತೆರೆಯುವುದು ನಾಲ್ಕಕ್ಕೆ. ಒಳಗೆ ಎರಡು ರೆಂಜೆ (ಬಕುಲ) ಮರ, ಒಂದು ಹಳೆಯ ಮಾವು. ಏಪ್ರಿಲಿನ ಸೆಕೆಯಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿರುವಾಗ ಆ ನೆರಳು ಗೇಟಿನ ಆಚೆ ಸುಮ್ಮನೆ ಬಿದ್ದಿರುತ್ತದೆ. ಈಚೆ ಪಾಗಾರದ ಒಂದಡಿ ನೆರಳಿನಲ್ಲಿ ಊಟದ ಪೊಟ್ಟಣ ತಲುಪಿಸುವ ಹುಡುಗರು ಬೈಕಿನ ಮೇಲೆಯೇ ಒರಗಿರುತ್ತಾರೆ. ಹತ್ತಿರದ ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿರುವವರು ಟಿಫಿನ್ ಡಬ್ಬಿ ಹಿಡಿದು ಅಂಗಡಿಯ ಮೆಟ್ಟಿಲು ಹುಡುಕುತ್ತಾರೆ. ಕಳೆದ ವಾರ ಮನೆಗೆಲಸ ಮುಗಿಸಿ ಬಂದ ಅಕ್ಕ ಒಬ್ಬರು ಗೇಟಿನ ಸರಳುಗಳ ನಡುವೆ ಕೈ ತೂರಿಸಿ, ಉದುರಿದ ರೆಂಜೆ ಹೂವನ್ನು ಒಂದೊಂದಾಗಿ ಹೆಕ್ಕಿ ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಕೈಗೆ ಎಟುಕದ ಹೂವನ್ನು ಕೊಡೆಯ ಕೊಕ್ಕೆಯಿಂದ ಎಳೆದುಕೊಂಡರು.

ಬೀಗ ಏಕೆಂದು ಕಾವಲುಗಾರರನ್ನು ಕೇಳಿದೆ. ಹಗಲು ತೆರೆದಿಟ್ಟರೆ ಕುಡುಕರು ಬಂದು ಮಲಗುತ್ತಾರೆ ಎಂದರು. ಕುಡುಕರಿಗೆ ನಾಲ್ಕಡಿಯ ಪಾಗಾರ ಯಾವ ಲೆಕ್ಕ? ಬೆಳಗ್ಗೆ ಬಾಟಲಿ ಹೆಕ್ಕುವ ಕೆಲಸದವರನ್ನು ಕೇಳಿದರೆ ಗೊತ್ತಾಗುತ್ತದೆ. ಬೀಗದಿಂದ ಹೊರಗೆ ಉಳಿದವರು ಪಾಗಾರ ಹಾರದ ಮರ್ಯಾದಸ್ಥರು ಮಾತ್ರ.

ಇನ್ನೊಂದು ಮಾತು. ಹೋದ ವರ್ಷ ಆ ಪಾರ್ಕಿಗೆ ಹೊಸ ಕಲ್ಲುಬೆಂಚುಗಳು ಬಂದವು. ಒಂದೂ ಮರದ ಕೆಳಗಿಲ್ಲ. ಎಲ್ಲವೂ ಇಂಟರ್‌ಲಾಕ್ ಹಾಸಿದ ನಡುಜಾಗದಲ್ಲಿ, ಬಿಸಿಲಿಗೆ ಮುಖ ಮಾಡಿ ಸಾಲಾಗಿ ನಿಂತಿವೆ. ಮಧ್ಯಾಹ್ನ ಅದರ ಮೇಲೆ ನೀರುದೋಸೆ ಹೊಯ್ಯಬಹುದು. ಇಂಟರ್‌ಲಾಕನ್ನು ಮಾವಿನ ಬುಡದವರೆಗೂ ಒತ್ತಿ ಹಾಸಿದ್ದಾರೆ. ಮಳೆಗಾಲದಲ್ಲಿ ಇಷ್ಟು ನೀರು ಸುರಿಯುವ ಊರಿನಲ್ಲಿ ಆ ಮರದ ಬೇರಿಗೆ ಇಳಿಯಲು ಬಿಟ್ಟಿರುವುದು ಅಂಗೈ ಅಗಲದ ಮಣ್ಣು.

ಹೊಸದಾಗಿ ಏನನ್ನೂ ಕಟ್ಟಿಸಿ ಎಂದು ಕೇಳುತ್ತಿಲ್ಲ. ಮಧ್ಯಾಹ್ನ ಗೇಟು ತೆರೆದಿಡಿ, ಎರಡು ಬೆಂಚನ್ನಾದರೂ ಮರದಡಿಗೆ ಸರಿಸಿ, ಕುಡಿಯುವ ನೀರಿನ ನಲ್ಲಿ ಒಂದಿರಲಿ. ಬೆಂಚು ಸರಿಸಲು ಆಳು ಬೇಕಿದ್ದರೆ ನಮ್ಮ ಸ್ಟ್ಯಾಂಡಿನಿಂದ ಆರು ಮಂದಿ ಬರುತ್ತೇವೆ. ಒಂದರಿಂದ ಮೂರರವರೆಗೆ ಹೇಗೂ ಬಾಡಿಗೆ ಕಡಿಮೆ.

– ಒಬ್ಬ ರಿಕ್ಷಾ ಚಾಲಕ, ಮಂಗಳೂರು